ಫಾರ್ವರ್ಡ್ ಬಂದ ಸುಂಟರಗಾಳಿ: ಹಳೆ ವಿದ್ಯಾರ್ಥಿಗಳ ಗುಂಪಿನಲ್ಲಿ ಒಂದು ಚರ್ಚೆ

ಗುಂಪು: ಎಸ್‌ಎಸ್‌ಎಲ್‌ಸಿ ಹಳೆ ಬ್ಯಾಚ್, ಕುಂಬಳೆ (ಕಾಸರಗೋಡು ಜಿಲ್ಲೆ, ಕೇರಳ)
ಮೇ ತಿಂಗಳು, ಮಧ್ಯಾಹ್ನ 1:20ರಿಂದ

ಪ್ರವೀಣ: [ವೀಡಿಯೋ. ಹಲವು ಬಾರಿ ಫಾರ್ವರ್ಡ್ ಆಗಿದೆ]
ಈಗ ಕುಂಬಳೆ ಕಡಲ ಹತ್ತಿರ!! ಎಂಥ ಸುಂಟರಗಾಳಿ ನೋಡಿ. ಇವತ್ತು ಯೆಲ್ಲೋ ಅಲರ್ಟ್ ಉಂಟು. ನಾನೂ ರಿಯಾಸೂ ಮೂರು ಗಂಟೆಗೆ ಬೈಕಿನಲ್ಲಿ ಹೊರಡ್ತೇವೆ. ಆರಿಕ್ಕಾಡಿ ಕೋಟೆಯಿಂದ ಒಳ್ಳೆ ಶಾಟ್ ಸಿಗಬಹುದು. ಬರುವವರು ಹೇಳಿ.

ಉಷಾ (ನಾರ್ಮನ್, ಒಕ್ಲಹೋಮ): ಇದು ಕುಂಬಳೆ ಅಲ್ಲ ಮಾರಾಯ. 12ನೇ ಸೆಕೆಂಡಿನಲ್ಲಿ ನಿಲ್ಲಿಸಿ ನೋಡು. ಸ್ಟಿಯರಿಂಗ್ ಎಡಗಡೆ, ಗಾಡಿ ಹೋಗ್ತಾ ಇರುವುದು ರಸ್ತೆಯ ಬಲಗಡೆ, ನಡುವೆ ಹಳದಿ ಜೋಡಿ ಗೆರೆ. ಕಣ್ಣು ಹಾಯುವಷ್ಟು ದೂರ ಒಂದೇ ಒಂದು ತೆಂಗಿನ ಮರ ಇಲ್ಲ.

ಗಣಪತಿ (ಪೆರ್ಲ): ತೆಂಗಿನ ಮರ ಇಲ್ಲದ ಕುಂಬಳೆ 😀

ಪ್ರವೀಣ: ಎಲ್ಲಿಯದ್ದಾದರೂ ಆಗಲಿ. ಅಲ್ಲಿ ಜನ ಕಾರು ತಕ್ಕೊಂಡು ಇದರ ಹಿಂದೆ ಓಡ್ತಾರೆ, ಟೂರೇ ಮಾಡ್ತಾರೆ, ಯಾರಿಗೂ ಎಂತದ್ದೂ ಆಗುದಿಲ್ಲ. ನಮ್ಮಲ್ಲಿ ಅಷ್ಟು ದೊಡ್ಡದು ಬರುದೂ ಇಲ್ಲ. ಮತ್ತೆ ಎಂತಕ್ಕೆ ಹೆದರುದು?

ಉಷಾ: ಯಾರಿಗೂ ಏನೂ ಆಗುವುದಿಲ್ಲ ಅಂತ ಹೇಳಿದ್ದು ಯಾರು? 2013 ಮೇ 31ರಂದು ಇಲ್ಲಿಯೇ ಎಲ್ ರೆನೊದಲ್ಲಿ ಟಿಮ್ ಸಮಾರಾಸ್, ಅವರ ಮಗ ಪೌಲ್, ಜೊತೆಗಾರ ಕಾರ್ಲ್ ಯಂಗ್, ಮೂವರೂ ಒಂದೇ ಕಾರಿನಲ್ಲಿ ಸತ್ತರು. ಸಮಾರಾಸ್ ಫೋನು ಹಿಡಿದು ಹೊರಟ ಜನ ಅಲ್ಲ. ಸುಂಟರಗಾಳಿಯ ದಾರಿಯಲ್ಲಿ ಅಳತೆಯ ಉಪಕರಣ ಇಟ್ಟು ಹಿಂದೆ ಬರುವುದೇ ಅವರ ಕೆಲಸ. 2003ರಲ್ಲಿ ಸೌತ್ ಡಕೋಟದ ಮ್ಯಾಂಚೆಸ್ಟರ್ ಊರಿನಲ್ಲಿ ಗಾಳಿಯ ಒತ್ತಡ ಒಮ್ಮೆಲೇ 100 ಮಿಲಿಬಾರ್ ಕುಸಿದದ್ದನ್ನು ದಾಖಲಿಸಿದ್ದು ಅವರ ಉಪಕರಣದ ಪೆಟ್ಟಿಗೆ.
ಎಲ್ ರೆನೊದ ಸುಳಿ ಬೆಳೆದು 4.2 ಕಿ.ಮೀ. ಅಗಲ ಆಯಿತು. ಆಗ್ನೇಯಕ್ಕೆ ಹೋಗ್ತಿದ್ದದ್ದು ಈಶಾನ್ಯಕ್ಕೆ ತಿರುಗಿತು, ವೇಗವೂ ಏರಿತು. ಮಳೆಯ ಪರದೆಯ ಒಳಗೆ ಇದ್ದ ಕಾರಣ ಅಂಚು ಎಲ್ಲಿ ಅಂತ ಕಣ್ಣಿಗೆ ಗೊತ್ತಾಗುವ ಹಾಗೆ ಇರಲಿಲ್ಲ. ದೊಡ್ಡ ಸುಳಿಯ ಒಳಗೆ ಸಣ್ಣ ಸುಳಿಗಳು ಬೇರೆಯೇ ವೇಗದಲ್ಲಿ ತಿರುಗ್ತಾ ಇದ್ದವು.

ಪ್ರವೀಣ: ಅವರು ತೀರಾ ಹತ್ತಿರ ಹೋದರು. ನಾವು 5 ಕಿ.ಮೀ. ದೂರದಿಂದ ಜೂಮ್ ಹಾಕುದು. ಫೋನಿನಲ್ಲಿ ರಾಡಾರ್ ಆ್ಯಪ್ ಉಂಟು.

ಉಷಾ: ಯಾವುದರಿಂದ 5 ಕಿ.ಮೀ.? ಕಣ್ಣಿಗೆ ಕಾಣುವ ಸೊಂಡಿಲು ಬರೀ ತೇವ ಮತ್ತು ಧೂಳು. ಗಾಳಿಯ ಸುತ್ತು ಅದಕ್ಕಿಂತ ಅಗಲ ಇರ್ತದೆ. ಇನ್ನು ಆ್ಯಪಿನ ಚಿತ್ರ "ಈಗಿನದ್ದು" ಅಲ್ಲ. ರಾಡಾರ್ ಒಂದು ಪೂರ್ತಿ ಸ್ಕ್ಯಾನ್ ಮುಗಿಸಲಿಕ್ಕೆ 4-5 ನಿಮಿಷ, ಆಮೇಲೆ ಸರ್ವರ್, ಆಮೇಲೆ ನಿನ್ನ ನೆಟ್‌ವರ್ಕ್. ಗಂಟೆಗೆ 60 ಕಿ.ಮೀ. ಓಡುವ ಮಳೆಮೋಡ 5 ನಿಮಿಷದಲ್ಲಿ 5 ಕಿ.ಮೀ. ಬಂದಾಯ್ತು. ನಿನ್ನ ಅಂತರ ಅಲ್ಲಿಗೇ ಮುಗಿಯಿತು.
ಇನ್ನೊಂದು ಗುರುತು ನೆನಪಿಟ್ಟುಕೋ. ಸುಳಿ ಎಡಕ್ಕೂ ಸರಿಯದೆ, ಬಲಕ್ಕೂ ಸರಿಯದೆ, ನಿಂತಲ್ಲೇ ದಪ್ಪ ಆಗ್ತಾ ಹೋಗುವ ಹಾಗೆ ಕಂಡರೆ ಅದು ನಿಂತಿಲ್ಲ, ನಿನ್ನ ಕಡೆಗೇ ಬರ್ತಾ ಉಂಟು.

ಹರೀಶ (ಪುಣೆ): ಉಷಾ ಹೇಳಿದ್ದು ಹತ್ತಿರ ರಾಡಾರ್ ಇರುವ ಊರಿನ ಮಾತು. ಕೊಚ್ಚಿ ರಾಡಾರಿನ ಚಿತ್ರ ನೋಡಿ ಕುಂಬಳೆಯಲ್ಲಿ ಓಡುವವರಿಗೆ ಪರಿಸ್ಥಿತಿ ಇನ್ನೂ ಹಾಳು. ರಾಡಾರಿನ ಕಿರಣ ನೆಟ್ಟಗೆ ಹೋಗ್ತದೆ, ಭೂಮಿ ಬಗ್ಗಿರ್ತದೆ. ಅರ್ಧ ಡಿಗ್ರಿ ಕೋನದಲ್ಲಿ ಹೊರಟ ಅತಿ ಕೆಳಗಿನ ಕಿರಣ 300 ಕಿ.ಮೀ. ದಾಟುವಾಗ ನೆಲದಿಂದ ಸುಮಾರು 8 ಕಿ.ಮೀ. ಎತ್ತರದಲ್ಲಿ ಇರ್ತದೆ. ನಮ್ಮ ಕಡೆಯ ಮೋಡದ ತಲೆ ಮಾತ್ರ ಅದಕ್ಕೆ ಕಾಣುವುದು. ತಲೆಯ ಮೇಲೆ 1 ಕಿ.ಮೀ. ಎತ್ತರದಲ್ಲಿ ಎಂತ ತಿರುಗ್ತಾ ಉಂಟು ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ.
ಯೆಲ್ಲೋ ಅಲರ್ಟ್ ಇಡೀ ಜಿಲ್ಲೆಗೆ, ಇಡೀ ದಿನಕ್ಕೆ. "ಗಮನದಲ್ಲಿಡಿ" ಅಂತ ಅದರ ಅರ್ಥ. ಯಾವ ಊರು, ಎಷ್ಟು ಗಂಟೆ ಅಂತ ಅದರಲ್ಲಿ ಇರುವುದಿಲ್ಲ. ಹತ್ತಿರದ ಅಂದಾಜು ಬೇಕಾದರೆ ಹವಾಮಾನ ಇಲಾಖೆಯ 3 ಗಂಟೆಯ ನೌಕಾಸ್ಟ್ ನೋಡಬೇಕು. ಸಿಡಿಲಿಗೆ ದಾಮಿನಿ ಆ್ಯಪ್.

ಅಬ್ದುಲ್ಲ (ಉಪ್ಪಳ): ಆದ್ರೆ ಹರೀಶಾ, ಮಲಯಾಳಂ ಪೇಪರಿನಲ್ಲಿ "ಮಿನ್ನಲ್ ಚುಳಲಿ" (ಮಿಂಚಿನ ಹಾಗೆ ಬಂದು ಹೋಗುವ ಸುಳಿಗಾಳಿ) ಅಂತ ಪ್ರತಿ ವರ್ಷ ಬರ್ತದಲ್ಲ. ಅದು ಟೊರ್ನಾಡೊ, ಅಂದರೆ ಉಷಾ ಹೇಳಿದ ಸುಂಟರಗಾಳಿ ಅಲ್ವಾ?

ಹರೀಶ: ಎಷ್ಟೋ ಸಲ ಅಲ್ಲ. ಮಳೆಮೋಡದಿಂದ ತಣ್ಣನೆ ಗಾಳಿ ಒಮ್ಮೆಲೇ ಕೆಳಕ್ಕೆ ಬಿದ್ದು, ನೆಲಕ್ಕೆ ಬಡಿದು ಸುತ್ತ ಚೆಲ್ಲುವುದು, ಅದು ಡೌನ್‌ಬರ್ಸ್ಟ್. ಬಿದ್ದ ಮರ ನೋಡಿದರೆ ಗೊತ್ತಾಗ್ತದೆ. ಎಲ್ಲ ಒಂದೇ ದಿಕ್ಕಿಗೆ, ಇಲ್ಲವೇ ಒಂದು ಜಾಗದಿಂದ ಹೊರಕ್ಕೆ ಹರಡಿ ಬಿದ್ದಿದ್ದರೆ ಡೌನ್‌ಬರ್ಸ್ಟ್. ಇಕ್ಕಟ್ಟು ಪಟ್ಟಿಯಲ್ಲಿ ನಡುಗೆರೆಯ ಕಡೆಗೆ ಒಳಮುಖವಾಗಿ, ಅಡ್ಡಾದಿಡ್ಡಿ ಬಿದ್ದಿದ್ದರೆ ಸುಳಿ.
ದೊಡ್ಡ ಟೊರ್ನಾಡೊ ಬರುವ ಪ್ರದೇಶ ಬಂಗಾಳದ ಕಡೆ. 1989 ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ–ಸಾಟುರಿಯಾದಲ್ಲಿ ಸುಮಾರು 1300 ಜನ ಸತ್ತರು. 1998 ಮಾರ್ಚ್ 24ರಂದು ಬಂಗಾಳ–ಒಡಿಶಾ ಗಡಿಯಲ್ಲಿ ಇನ್ನೊಂದು. ಆದರೆ ಪ್ರವೀಣ, "ನಮ್ಮದು ಸಣ್ಣದು" ಅಂತ ಸಮಾಧಾನ ಬೇಡ. ಡೌನ್‌ಬರ್ಸ್ಟಿಗೆ ಸೊಂಡಿಲು ಇಲ್ಲ, ದೂರದಿಂದ ಕಾಣುವುದಿಲ್ಲ. ಶುರುವಾಗಿ ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿದಿರ್ತದೆ. ಬೆನ್ನಟ್ಟಲಿಕ್ಕೆ ಅಲ್ಲಿ ಎಂತದ್ದೂ ಇಲ್ಲ, ಅದರ ಅಡಿಗೆ ಹೋಗಿ ನಿಲ್ಲುವುದು ಮಾತ್ರ.

ಅಬ್ದುಲ್ಲ: ಕಡಲ ಮೇಲೆ ಸೊಂಡಿಲು ಇಳಿಯುದು?

ಹರೀಶ: ಅದು ವಾಟರ್‌ಸ್ಪೌಟ್. ಎಷ್ಟೋ ಸಲ ದಡ ಹತ್ತಿದ ಕೂಡಲೆ ಸಾಯ್ತದೆ. ಸಣ್ಣ ದೋಣಿಗೆ ಮಾತ್ರ ಅಪಾಯ ದೊಡ್ಡದು. ಅದು ಸಾಗುವ ದಾರಿಗೆ ಅಡ್ಡವಾಗಿ, ಲಂಬ ಕೋನದಲ್ಲಿ ದೂರ ಹೋಗಬೇಕು. ಟಾರ್ಪಾಲಿನ ಮಾಡು ಇದ್ದರೆ ಇಳಿಸಬೇಕು, ಲೈಫ್ ಜಾಕೆಟ್ ಅದಕ್ಕಿಂತ ಮೊದಲೇ ಹಾಕಿರಬೇಕು.

ಪ್ರವೀಣ: ಸರಿ, ಗಾಳಿಯ ವಿಷಯ ಒಪ್ಪಿದೆ. ಹೋಗಿ ಬರಲಿಕ್ಕೆ ಅರ್ಧ ಗಂಟೆ. ಅಷ್ಟರಲ್ಲಿ ಎಂತ ಆಗ್ತದೆ?

ಉಷಾ: ಹೋಗಿ ಬರುವುದರಲ್ಲೇ ಆಗುವುದು. ಬೆನ್ನಟ್ಟುವವರಲ್ಲಿ ಸುಳಿಗೆ ಸಿಕ್ಕಿ ಸತ್ತವರಿಗಿಂತ ರಸ್ತೆಯಲ್ಲಿ ಸತ್ತವರು ಹೆಚ್ಚು. 2017 ಮಾರ್ಚ್ 28ರಂದು ಟೆಕ್ಸಾಸಿನ ಸ್ಪರ್ ಊರಿನ ಹತ್ತಿರ ಒಂದು ಗಾಡಿ ಸ್ಟಾಪ್ ಫಲಕ ದಾಟಿ ಇನ್ನೊಂದಕ್ಕೆ ಬಡಿದು ಮೂವರು ಹೋದರು. ಎರಡೂ ಬೆನ್ನಟ್ಟುವವರ ಗಾಡಿಗಳೇ. 2022 ಏಪ್ರಿಲ್ 29ರಂದು ಒಕ್ಲಹೋಮ ವಿಶ್ವವಿದ್ಯಾಲಯದ ಹವಾಮಾನ ವಿಭಾಗದ ಮೂವರು ವಿದ್ಯಾರ್ಥಿಗಳು ಸುಂಟರಗಾಳಿ ನೋಡಿ ವಾಪಸು ಬರುವಾಗ ಗಾಡಿ ನೀರಿನ ಮೇಲೆ ಜಾರಿ ಹೆದ್ದಾರಿಯಲ್ಲಿ ಸತ್ತರು. ಟಯರಿನ ಗೀರಿನ ಆಳ ಸವೆದು 1.6 ಮಿ.ಮೀ.ಗೆ ಬಂದರೆ ನೀರು ಹೊರಗೆ ಹೋಗಲಿಕ್ಕೆ ದಾರಿ ಸಾಲುವುದಿಲ್ಲ. ಟಯರ್ ರಸ್ತೆ ಬಿಟ್ಟು ನೀರಿನ ಮೇಲೆ ತೇಲ್ತದೆ. ಆಗ ಬ್ರೇಕ್ ಒತ್ತಬಾರದು. ಆಕ್ಸಿಲರೇಟರ್ ಬಿಟ್ಟು ಸ್ಟಿಯರಿಂಗ್ ನೇರ ಹಿಡಿಯಬೇಕು. ಬೈಕಿಗೆ ಆ ಅವಕಾಶವೂ ಇಲ್ಲ.

ಗಣಪತಿ: ಮಳೆ ಬಂದ್ರೆ ಹೆದ್ದಾರಿಯ ಫ್ಲೈಓವರ್ ಅಡಿಯಲ್ಲಿ ನಿಂತರಾಯ್ತಲ್ಲ. ಎಲ್ಲರೂ ಅದನ್ನೇ ಮಾಡುದು.

ಉಷಾ: ಮಳೆಗೆ ಆದೀತು, ಸುಂಟರಗಾಳಿಗೆ ಆಗುವುದಿಲ್ಲ. 1991ರಲ್ಲಿ ಕಾನ್ಸಾಸಿನಲ್ಲಿ ಸೇತುವೆಯ ಅಡಿಯಲ್ಲಿ ಕೂತವರು ಉಳಿದ ವೀಡಿಯೋ ಓಡಾಡಿತು, ಎಲ್ಲರೂ ಅದನ್ನು ನಂಬಿದರು. 1999 ಮೇ 3ರಂದು ಇಲ್ಲಿ ಹಾಗೆ ಸೇತುವೆ ಅಡಿಗೆ ಓಡಿದವರು ಸತ್ತರು. ಇಕ್ಕಟ್ಟಿನಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಇಳಿಜಾರು ಹತ್ತಿ ಕೂತರೆ ಇನ್ನೂ ಎತ್ತರಕ್ಕೆ ಹೋದ ಹಾಗೆ, ಹಾರಿ ಬರುವ ತಗಡು ಗಾಜು ಎಲ್ಲ ಅಲ್ಲಿಯೇ ನುಗ್ಗುವುದು. ಗಾಡಿ ನಿಲ್ಲಿಸಿ ಹಿಂದಿನವರ ದಾರಿಯೂ ಬಂದ್.
ಸುಳಿ ದೂರ ಇದ್ದರೆ ಅದರ ದಾರಿಗೆ ಅಡ್ಡವಾಗಿ ಓಡಿಸಿ ಗಟ್ಟಿ ಕಟ್ಟಡ ಸೇರಬೇಕು. ಆಗದಿದ್ದರೆ ಸೀಟ್ ಬೆಲ್ಟ್ ಹಾಕಿಕೊಂಡೇ ತಲೆಯನ್ನು ಗಾಜಿನ ಮಟ್ಟಕ್ಕಿಂತ ಕೆಳಗೆ ತಂದು ಮುಚ್ಚಿಕೊಳ್ಳುವುದು. ಇಲ್ಲವೇ ರಸ್ತೆಗಿಂತ ಸಾಕಷ್ಟು ತಗ್ಗಿನ ಜಾಗದಲ್ಲಿ ಕವುಚಿ ಮಲಗಿ ಕುತ್ತಿಗೆ, ತಲೆ ಮುಚ್ಚುವುದು. ಎರಡೂ ಬೇರೆ ಗತಿ ಇಲ್ಲದವರಿಗೆ.

ಸದಾನಂದ (ವಿದ್ಯುತ್ ಮಂಡಳಿ): ಅಮೆರಿಕ ಸಾಕು, ಈಗ ಸೀತಾಂಗೋಳಿ ರಸ್ತೆಗೆ ಬನ್ನಿ. ಗಾಳಿಯಲ್ಲಿ ಹೊರಗೆ ಹೋದವನಿಗೆ ಇಲ್ಲಿ ಮೊದಲು ಸಿಗುವುದು ಬಿದ್ದ ಲೈನ್. ತಂತಿ ನೆಲ ಮುಟ್ಟಿದ ಕೂಡಲೆ ಕರೆಂಟ್ ಕಟ್ ಆಗ್ತದೆ ಅಂತ ಎಲ್ಲರೂ ನಂಬಿದ್ದಾರೆ. ಒಣ ಮುರಕಲ್ಲಿನ ಮೇಲೆ ಬಿದ್ದರೆ ಭೂಮಿಗೆ ಹರಿಯುವ ಕರೆಂಟ್ ಎಷ್ಟು ಕಡಿಮೆ ಅಂದರೆ ಕರೆಂಟ್ ಕಡಿಯುವ ಬ್ರೇಕರಿಗೆ ಗೊತ್ತೇ ಆಗುವುದಿಲ್ಲ. ತಂತಿ ಕಿಡಿ ಇಲ್ಲದೆ, ಸದ್ದಿಲ್ಲದೆ ಜೀವಂತ ಬಿದ್ದಿರ್ತದೆ. ಟ್ರಿಪ್ ಆಗಿ ಕರೆಂಟ್ ಹೋದರೂ ಆಟೋ ರಿಕ್ಲೋಸರ್ (ತಾನಾಗಿ ಮತ್ತೆ ಕರೆಂಟ್ ಜೋಡಿಸುವ ಸ್ವಿಚ್) ಇರುವ 11 ಕೆವಿ ಲೈನು ಸೆಕೆಂಡುಗಳಲ್ಲಿ ತಾನೇ ಚಾರ್ಜ್ ಆಗ್ತದೆ. ಸಾಲದ್ದಕ್ಕೆ ಮನೆಗಳ ಜನರೇಟರ್. ಚೇಂಜ್‌ಓವರ್ ಸ್ವಿಚ್ (ಮನೆಯನ್ನು ಲೈನಿನಿಂದ ಬೇರೆ ಮಾಡುವುದು) ಇಲ್ಲದೆ ಪ್ಲಗ್ಗಿಗೆ ಕೊಟ್ಟಿದ್ದರೆ ಆಫ್ ಮಾಡಿದ ಲೈನಿಗೂ ಹಿಂದಿನಿಂದ ಕರೆಂಟ್ ಬರ್ತದೆ.
10 ಮೀಟರ್ ದೂರ ನಿಲ್ಲಬೇಕು. ಹತ್ತಿರ ಸಿಕ್ಕಿಬಿದ್ದರೆ ಹೆಜ್ಜೆ ಎತ್ತಬಾರದು. ಎರಡು ಪಾದ ಜೋಡಿಸಿ ಉಜ್ಜಿಕೊಂಡು ಹಿಂದೆ ಸರಿಯುವುದು. ಕಾರಿನ ಮೇಲೆ ತಂತಿ ಬಿದ್ದರೆ ಒಳಗೇ ಕೂತಿರಿ. ಬೆಂಕಿ ಹತ್ತಿದರೆ ಮಾತ್ರ, ಕಾರನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದ ಹಾಗೆ ಎರಡು ಕಾಲು ಜೋಡಿಸಿ ಹಾರುವುದು. ಫೋನ್ 1912 ಅಥವಾ 9496010101.
ಗಣಪತಿ, ನಿನಗೆ ಬೇರೆ ಹೇಳಬೇಕು. ಗಾಳಿಗೆ ಲೈನಿನ ಮೇಲೆ ಬಿದ್ದ ಸೋಗೆಯನ್ನು ದೋಟಿಯಲ್ಲಿ (ಅಡಿಕೆ ಕೊಯ್ಯುವ ಉದ್ದ ಕೋಲು) ಎಳೆಯಬೇಡ. ಅಲ್ಯೂಮಿನಿಯಂ ದೋಟಿ ಕರೆಂಟ್ ಹಾಯಿಸ್ತದೆ ಅಂತ ಎಲ್ಲರಿಗೂ ಗೊತ್ತು. ಹೊಸ ಕಾರ್ಬನ್ ಫೈಬರ್ ದೋಟಿಯೂ ಕರೆಂಟ್ ಹಾಯಿಸ್ತದೆ, ಪ್ಲಾಸ್ಟಿಕ್ಕಿನ ಹಾಗೆ ಕಾಣ್ತದೆ ಅಷ್ಟೆ.

ಗಣಪತಿ: ಕಾರ್ಬನ್ನಿನದ್ದು ಹಾಯಿಸುದಿಲ್ಲ ಅಂತ ಅಂಗಡಿಯವರು ಹೇಳಿದ್ದು.

ಸದಾನಂದ: ಹೇಳ್ತಾರೆ. ಇಂಗಾಲ ವಾಹಕ. ಶಾಲೆಯಲ್ಲಿ ಪೆನ್ಸಿಲ್ ಕಡ್ಡಿಯಲ್ಲಿ ಬಲ್ಬ್ ಉರಿಸಿದ್ದು ಮಾಷ್ಟ್ರಲ್ಲಿ ಕೇಳು.

ಜಯರಾಮ ಮಾಷ್ಟ್ರು: ಹೌದು, ಉರಿಯುತ್ತದೆ. ಪ್ರವೀಣ, ಕೋಟೆಯ ಮೇಲೆ ಸಿಡಿಲು ಬಂದರೆ ಏನು ಮಾಡುತ್ತೀಯಪ್ಪ? ಶಾಹಿನಾ ಇದ್ದಾಳಾ ಗುಂಪಿನಲ್ಲಿ?

ಡಾ. ಶಾಹಿನಾ: ಇದ್ದೇನೆ ಮಾಷ್ಟ್ರೆ. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಎಚ್ಚರಿಸುವ ಹೊತ್ತು ಮಧ್ಯಾಹ್ನ 2ರಿಂದ ರಾತ್ರಿ 10. ಪ್ರವೀಣ ಹೊರಡುವುದು ಸರಿಯಾಗಿ ಅದರೊಳಗೆ, ಎತ್ತರದ ಬಯಲಿಗೆ, ಬೈಕಿನಲ್ಲಿ.
ಮಿಂಚು ಕಂಡು ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ. 3 ಸೆಕೆಂಡಿಗೆ 1 ಕಿ.ಮೀ. 30ಕ್ಕಿಂತ ಕಡಿಮೆ ಬಂದರೆ ಸಿಡಿಲು 10 ಕಿ.ಮೀ. ಒಳಗೆ ಉಂಟು, ಒಳಗೆ ಹೋಗಬೇಕು. ಕೊನೆಯ ಗುಡುಗಿನ ಮೇಲೆ 30 ನಿಮಿಷ ಹೊರಗೆ ಬರಬಾರದು. ಮಳೆ ನಿಂತಿತು ಅಂತ ಅಂಗಳಕ್ಕೆ ಇಳಿಯುವ ಹೊತ್ತೇ ಕೆಟ್ಟದ್ದು. ಲೋಹದ ಮಾಡಿನ ಕಾರು, ಗಾಜು ಏರಿಸಿದ್ದರೆ ಆದೀತು. ರಿಕ್ಷಾ, ಬೈಕು, ಮರದ ಅಡಿ, ಬಸ್ ಕಾಯುವ ಶೆಡ್ಡು ಯಾವುದೂ ಆಗುವುದಿಲ್ಲ.
ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಈ ಹೆದರಿಕೆಯಿಂದಲೇ ಜನ ದೂರ ನಿಲ್ಲುವುದು. ಉಸಿರು ಇಲ್ಲದಿದ್ದರೆ ಕೂಡಲೆ ಎದೆ ಒತ್ತಲು ಶುರು ಮಾಡಿ, ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂ.ಮೀ. ಗೊತ್ತಿದ್ದವರು 30 ಒತ್ತಿಗೆ 2 ಬಾಯುಸಿರು ಕೊಡಬೇಕು. ಸಿಡಿಲಿನಲ್ಲಿ ಹೃದಯ ತಾನಾಗಿ ಶುರುವಾದರೂ ಉಸಿರು ನಿಂತೇ ಇರುವುದುಂಟು. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಜಯರಾಮ ಮಾಷ್ಟ್ರು: ಮನೆಯೊಳಗೆ ಇರುವವರಿಗೆ? ನಮ್ಮದು ಹೆಂಚಿನ ಮನೆ. ಗಾಳಿಗೆ ಕಿಟಕಿ ತೆರೆದಿಟ್ಟರೆ ಒತ್ತಡ ಸಮವಾಗಿ ಮಾಡು ಉಳಿಯುತ್ತದೆ ಎಂದು ಓದಿದ ನೆನಪು.

ಉಷಾ: ಅದು ಹಳೆಯ ತಪ್ಪು ನಂಬಿಕೆ ಮಾಷ್ಟ್ರೆ. ಕಿಟಕಿ ತೆರೆದರೆ ಗಾಳಿ ಒಳಗೆ ನುಗ್ಗಿ ಮಾಡನ್ನು ಒಳಗಿನಿಂದಲೂ ಎತ್ತುತ್ತದೆ. ಮೇಲಿಂದ ಗಾಜಿನ ಎದುರು ನಿಂತು ನಿಮಿಷ ಹಾಳು. ಮುಚ್ಚಿ ದೂರ ಬನ್ನಿ. ಹೆಂಚಿನ ಮನೆಗೆ ತಾಗಿ ಕಾಂಕ್ರೀಟ್ ಸ್ಲ್ಯಾಬಿನ ಬಚ್ಚಲು ಇದ್ದರೆ ಅದೇ ಜಾಗ. ತಾರಸಿ ಮನೆಯಾದರೆ ಕೆಳಗಿನ ಅಂತಸ್ತಿನ ನಡುವಿನ ಸಣ್ಣ ಕೋಣೆ, ಹೊರಗೋಡೆಯ ಕಿಟಕಿ ಇಲ್ಲದ್ದು. ಸ್ಕೂಟರಿನ ಹೆಲ್ಮೆಟ್ ಎಲ್ಲ ಮನೆಯಲ್ಲೂ ಉಂಟಲ್ಲ, ಅದನ್ನು ತಲೆಗೆ ಹಾಕಿಕೊಳ್ಳಿ. ಮೇಲೆ ಹಾಸಿಗೆ ಎಳೆದುಕೊಳ್ಳಿ. ಇದು ಗಾಳಿಗೆ ಮಾತ್ರ. ಸಿಡಿಲು ಹೊಡೆಯುವಾಗ ನಲ್ಲಿ, ಪೈಪು ಮುಟ್ಟಬೇಡಿ.

ಪ್ರವೀಣ: [ಈ ಸಂದೇಶವನ್ನು ಅಳಿಸಲಾಗಿದೆ]

ಪ್ರವೀಣ: ಆಯ್ತು ಮಾರಾಯ್ರೆ, ಬೈಕ್ ಇಲ್ಲ. ರಿಯಾಸನಿಗೂ ಬೇಡ ಅಂದೆ. ನಮ್ಮ ತಾರಸಿಯಿಂದ ತೆಗಿತೇನೆ. ಮೇಲೆ ಶೀಟ್ ಹಾಕಿ ಉಂಟು, ನೆನೆಯುದಿಲ್ಲ.

ವಿನೋದ (ಸಿವಿಲ್): ಎಲ್ಲದಕ್ಕಿಂತ ಕೆಟ್ಟ ಐಡಿಯಾ ಅದೇ.
ಲೆಕ್ಕ ನೋಡು. ಗಾಳಿಯ ಒತ್ತಡ 0.6 ಗುಣಿಸು ವೇಗದ ವರ್ಗ. 100 ಕಿ.ಮೀ. ಗಾಳಿ ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಚದರ ಮೀಟರಿಗೆ ಹತ್ತಿರ ಹತ್ತಿರ 47 ಕಿಲೋ ಭಾರದಷ್ಟು ಎತ್ತುವ ಬಲ. ಅರ್ಧ ಮಿ.ಮೀ. ದಪ್ಪದ ಶೀಟಿನ ಸ್ವಂತ ತೂಕ ಅದೇ ಜಾಗಕ್ಕೆ ನಾಲ್ಕೈದು ಕಿಲೋ. 20 ಅಡಿಗೆ 30 ಅಡಿಯ ಮಾಡಾದರೆ ಎತ್ತುವ ಬಲ ಒಟ್ಟು ಎರಡೂವರೆ ಟನ್ನಿಗಿಂತ ಹೆಚ್ಚು. ಅಂಚಿನಲ್ಲಿ ಎಳೆತ ಇನ್ನೂ ಜಾಸ್ತಿ, ಹಾಗಾಗಿ ಹಾರುವುದು ಮೂಲೆಯಿಂದ ಶುರು. ಮಂಗಳೂರಿಗೂ ಕೋಝಿಕ್ಕೋಡಿಗೂ ಭಾರತೀಯ ಮಾನಕ ಕಟ್ಟಡದ ಲೆಕ್ಕಕ್ಕೆ ಇಟ್ಟ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿ.ಮೀ. ನಮ್ಮಲ್ಲಿ ವೆಲ್ಡರು ಕಣ್ಣಳತೆಯಲ್ಲಿ ನಿಲ್ಲಿಸಿದ ಎಷ್ಟು ಶೀಟಿನ ಮಾಡು ಅದನ್ನು ತಡೆದೀತು? ಕಂಬವನ್ನು ಅರ್ಧಗೋಡೆಗೆ ಕಟ್ಟಿದ್ದರೆ ಗೋಡೆ ಸಮೇತ ಹೋಗ್ತದೆ. ಕಂಬದ ಬುಡಕ್ಕೆ ಕಬ್ಬಿಣದ ಬೇಸ್ ಪ್ಲೇಟ್ ಇಟ್ಟು ಆ್ಯಂಕರ್ ಬೋಲ್ಟಿನಲ್ಲಿ ಸ್ಲ್ಯಾಬಿನ ಬೀಮಿಗೆ ಹಿಡಿಸಿರಬೇಕು.

ಹರೀಶ: ವೀಡಿಯೋ ಬೇಕೇ ಬೇಕಾದರೆ ಕೆಳಗಿನ ಕೋಣೆಯಲ್ಲಿ ಮುಚ್ಚಿದ ಕಿಟಕಿಯಿಂದ ಎರಡು ಮೀಟರ್ ಹಿಂದೆ ಫೋನನ್ನು ಸ್ಟ್ಯಾಂಡಿಗೆ ಇಟ್ಟು, ಚಾರ್ಜರಿನಿಂದ ತೆಗೆದು, ಟೈಮ್‌ಲ್ಯಾಪ್ಸ್ ಹಾಕಿ ನೀನು ಒಳಗೆ ಹೋಗು. ಆಮೇಲೆ ಸಮಯ, ಊರು, ಕ್ಯಾಮೆರಾ ಯಾವ ದಿಕ್ಕಿಗೆ ಇತ್ತು ಅಂತ ಬರೆದು ಹಾಕು. ಆ ಮೂರು ಇದ್ದರೆ ನಮಗೂ ಪ್ರಯೋಜನ. "ಈಗ ಕುಂಬಳೆಯಲ್ಲಿ" ಅಂತ ಬಂದದ್ದು ಯಾರಿಗೂ ಬೇಡ, ಮೇಲಿನ ಆ ಫಾರ್ವರ್ಡನ್ನು ತೆಗಿ.

ಪ್ರವೀಣ: ತೆಗೆದೆ. ವಿನೋದಾ, ನಮ್ಮ ಶೀಟಿನ ಪಡುವಣ ಅಂಚಿನಲ್ಲಿ ಎರಡು ಸ್ಕ್ರೂ ಸಡಿಲ ಆಗಿ ವಾಷರ್ ಎದ್ದಿದೆ. ಈಗ ಹತ್ತಿ ಟೈಟ್ ಮಾಡ್ಲಾ? ಗುಡುಗು ದೂರ ಉಂಟು.

ಡಾ. ಶಾಹಿನಾ: ಎಷ್ಟು ಸೆಕೆಂಡು?

ಪ್ರವೀಣ: 22.

ವಿನೋದ: ಹತ್ತಬೇಡ. ನಾಳೆ ಬೆಳಿಗ್ಗೆ ಮಾಡು. ಅದೇ ತೂತಿಗೆ ಅದೇ 5.5ರ ಸ್ಕ್ರೂ ಹಾಕಿದರೆ ಹಿಡಿಯುವುದಿಲ್ಲ, 6.3 ಮಿ.ಮೀ.ಯದ್ದು ತಾ, ರಬ್ಬರ್ ವಾಷರ್ ಹೊಸದು. ಅಂಚಿನ ಸಾಲಿನಲ್ಲಿ ಒಂದು ಬಿಟ್ಟು ಒಂದು ಅಲ್ಲ, ಶೀಟಿನ ಪ್ರತಿಯೊಂದು ಉಬ್ಬು ಗೆರೆಗೂ ಸ್ಕ್ರೂ ಬೇಕು. ಪೈಪು ತುಕ್ಕು ತಿಂದಿದ್ದರೆ ಫೋಟೋ ಹಾಕು, ಸ್ಕ್ರೂ ತರುವ ಮೊದಲು.