ಬೈನಾಕ್ಯುಲರ್ ಕೊಡೋ ಮೊದಲು ಇದನ್ನು ಕೇಳು

ಪುಟ್ಟೀ, ದೊಡ್ಡಪ್ಪ ಮಾತಾಡ್ತಿದ್ದೀನಿ. ಮಗ ಬೆಳಗಿನ ಜಾವ ಮಹಡಿ ಹತ್ತಿ ಬೈನಾಕ್ಯುಲರ್‌ನಲ್ಲಿ ಈ 2024ರ ಅಕ್ಟೋಬರ್‌ನ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ನೋಡ್ತಾನಂತೆ, ಪಕ್ಕದ ಮನೆಯವರು ಅಪಶಕುನ ಅಂದ್ರಂತೆ, ಬಿಡಲಾ ಬೇಡವಾ ಅಂತ ಕೇಳಿದ್ದೀಯ. ಅಪಶಕುನದ ಮಾತು ಬಿಡು. ಹ್ಯಾಲಿ ಧೂಮಕೇತು ಬಂದ ವರ್ಷವೇ ನಿಮ್ಮಣ್ಣ ಹುಟ್ಟಿದ್ದು, ಗುಂಡುಕಲ್ಲಿನ ಹಾಗಿದ್ದಾನೆ. ನನಗೆ ಭಯ ಸೂರ್ಯನದು.

ನಮ್ಮ ಭಾವನ ಬಲಗಣ್ಣಿನ ವಿಷಯ ಎಲ್ಲರಿಗೂ ಗೊತ್ತೇ ಇದೆ. 1986ರ ಮಾರ್ಚ್. ಹ್ಯಾಲಿ ಆಗ ಸೂರ್ಯೋದಯಕ್ಕೆ ಮುಂಚೆ ಕಾಣುತ್ತಿತ್ತು. ಎಲ್ಲರೂ ಕೆರೆ ಏರಿ ಮೇಲೆ ನಿಂತಿದ್ದೆವು. ಬೆಳಕು ಹರಿಯಿತು, ಚುಕ್ಕಿ ಮಾಸಿತು, ನಾವು ಕಾಫಿ ಫ್ಲಾಸ್ಕ್ ಬಿಚ್ಚಿದೆವು. ಭಾವ ಮಾತ್ರ ‘ಇನ್ನೊಂದ್ಸಲ, ಇನ್ನೊಂದ್ಸಲ’ ಅಂತ ತೆಂಗಿನ ಸಾಲಿನ ಉದ್ದಕ್ಕೂ ಬೈನಾಕ್ಯುಲರ್ ಆಡಿಸುತ್ತಲೇ ಇದ್ದರು. ಮರದ ಸಂದಿಯಲ್ಲಿ ಸೂರ್ಯ ನೇರ ಸಿಕ್ಕಿಬಿಟ್ಟ. ನೋವೇ ಇಲ್ಲ! ಕಣ್ಣಿನ ಒಳಪರದೆ ಸುಟ್ಟರೂ ನೋವು ಗೊತ್ತಾಗುವುದಿಲ್ಲ. ಸಂಜೆ ಪೇಪರ್ ಹಿಡಿದರೆ ನೋಡಿದ ಕಡೆಯೆಲ್ಲ ಎರಡಕ್ಷರ ಮಾಯ. ಇವತ್ತಿಗೂ ಹಾಗೇ.

ಅದಕ್ಕೇ ಹೇಳ್ತೀನಿ, ಈಗ ಆರೂ ಹತ್ತರ ಸುಮಾರಿಗೆ ಸೂರ್ಯೋದಯ. ಐದೂ ಐವತ್ತಕ್ಕೆ ಅಲಾರಂ ಇಡು. ಹೊಡೆದ ತಕ್ಷಣ ಬೈನಾಕ್ಯುಲರ್ ಪೆಟ್ಟಿಗೆಗೆ. ‘ಇನ್ನೊಂದ್ಸಲ’ ಅಂದರೆ ಕೈಯಿಂದ ಕಿತ್ತುಕೋ, ಅತ್ತರೂ ಪರವಾಗಿಲ್ಲ.

ಅವತ್ತು ಭಾವ ಹಿಡಿದಿದ್ದ ಬೈನಾಕ್ಯುಲರ್ ನಮ್ಮಪ್ಪನದು ಕಣೇ. ಮನೆ ಪಾಲಾದಾಗ ಒರಳುಕಲ್ಲಿಗೂ ಜಗಳ ಆಯಿತು. ಇದು ಮಾತ್ರ ಯಾರ ಪಟ್ಟಿಗೂ ಬರದೆ ಒಬ್ಬರ ಶೋಕೇಸಿಗೆ ಸೇರಿತು. ಹೆಸರು ಹೇಳಲ್ಲ, ಈ ಗ್ರೂಪಿನಲ್ಲೇ ಇದ್ದಾರೆ, ದಿನಾ ಗುಡ್ ಮಾರ್ನಿಂಗ್ ಹಾಕ್ತಾರೆ. ಕೇಳಿದರೆ ಲೆನ್ಸಿಗೆ ಫಂಗಸ್ ಹಿಡಿದಿದೆ ಅಂತಾರೆ. ವರ್ಷಕ್ಕೊಂದು ಸಲ ಹೊರಗೆ ತೆಗೆದಿದ್ದರೆ ಹಿಡೀತಿತ್ತಾ? ಹೋಗಲಿ.

ಅಯ್ಯೋ, ಹೇಳಬೇಕಾದ್ದೇ ಮರೆತೆ. ಬೆಳಗ್ಗೆ ಎದ್ದು ಒದ್ದಾಡೋದೇ ಬೇಡ. ಈ 2024ರ ಸುಚಿನ್‌ಶಾನ್-ಅಟ್ಲಾಸ್ ಅಕ್ಟೋಬರ್ 12 ಕಳೆದರೆ ಸಂಜೆ ಆಕಾಶಕ್ಕೆ ಬರುತ್ತದೆ. ಸೂರ್ಯ ಮುಳುಗಿರುತ್ತಾನೆ, ಕಣ್ಣಿನ ಚಿಂತೆಯಿಲ್ಲ. ಆರೂ ಮುಕ್ಕಾಲಿಗೆ ಪಶ್ಚಿಮದಲ್ಲಿ ಶುಕ್ರ ಫಳಫಳ ಅಂತಿರುತ್ತದೆ. ಅದರ ಬಲಕ್ಕೆ, ಮೇಲ್ಗಡೆ ಹುಡುಕಲಿ. ದಿನ ಕಳೆದ ಹಾಗೆ ಎತ್ತರಕ್ಕೆ ಹೋಗುತ್ತದೆ, ಆದರೆ ಮಂಕಾಗುತ್ತದೆ. ಹಾಗಾಗಿ 14, 15ರಂದೇ ನೋಡಿಬಿಡಿ. ನಿಮ್ಮ ಮಹಡಿಯಲ್ಲಿ ಆ ಕಡೆಗೆ ನೀರಿನ ಟ್ಯಾಂಕ್ ಅಡ್ಡ ಇದೆ ಅಲ್ವಾ? ಟ್ಯಾಂಕ್ ದಾಟಿ ಆಚೆ ನಿಲ್ಲಿ. ಮಳೆ ಮೋಡ ಇದ್ದರೆ ಮಾರನೇ ದಿನ.