ಹಿಂದೂಸ್ತಾನಿ ಸಂಗ್ರಹಕ್ಕ ಮ್ಯೂಸಿಕ್‌ಬೀ ಹಾಕೋದದ, ಹಳೆ ಡೆಸ್ಕ್‌ಟಾಪ್ ಹೆಂಗ ತಯಾರ ಮಾಡ್ಬೇಕು?

ತಂಬೂರಿ_ಧಾರವಾಡ:
ನಮಸ್ಕಾರ್ರಿ. ಮನ್ಯಾಗಿನ ಡೆಸ್ಕ್‌ಟಾಪ್‌ನಾಗ ಮ್ಯೂಸಿಕ್‌ಬೀ ಅನ್ನೋ ಹಾಡು ನುಡಿಸೋ ಸಾಫ್ಟ್‌ವೇರ್ ಹಾಕಿ ಹಾಡೆಲ್ಲಾ ಒಂದು ಕಡೆ ಹೊಂದಿಸೋದದ. ನಾಲ್ಕನೇ ಜನರೇಶನ್ ಐ3, ಎಚ್81 ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಹಾಡು 210 ಜಿಬಿ ಅದಾವ. ಸಿಡಿಯಿಂದ ತಗದ ಫ್ಲ್ಯಾಕ್, ಕ್ಯಾಸೆಟ್‌ನಿಂದ ಇಳಿಸಿದ ವೇವ್, ಉಳದದ್ದು ಎಂಪಿ3. ಹಳೆ ಎಂಪಿ3ಗಳ ಟ್ಯಾಗ್ (ಫೈಲಿನೊಳಗ ಬರದಿರೋ ಹಾಡು, ಕಲಾವಿದರ ಹೆಸರು) ನುಡಿ ಫಾಂಟಿನೊಳಗ ಹೊಡದದ್ದು, ಈಗ ತೆರದ್ರ ಬರೇ ಇಂಗ್ಲಿಷ್ ಅಕ್ಷರ, ವಿಚಿತ್ರ ಗುರುತು ಕಾಣ್ತಾವ. ಹೊಸಾ ಕಂಪ್ಯೂಟರ್ ತೊಗೊಳ್ಳೋ ವಿಚಾರ ಇಲ್ಲ. ಸಾಫ್ಟ್‌ವೇರ್ ಹಾಕೋ ಮೊದ್ಲ ಏನೇನು ಮಾಡ್ಬೇಕ್ರಿ?

ವಿದ್ಯಾನಗರ_ಹುಬ್ಬಳ್ಳಿ:
ಮೊದ್ಲ ಡಿಸ್ಕ್ ನೋಡ್ರಿ, ಉಳದದ್ದೆಲ್ಲಾ ಆಮ್ಯಾಲೆ. ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರದು ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿಯಾದ ಜಾಗ), ಕರೆಂಟ್ ಪೆಂಡಿಂಗ್ ಸೆಕ್ಟರ್ (ಓದಾಕ ಬರ್ದ, ಅನುಮಾನದ ಜಾಗ) ಅನ್ನೋ ಎರಡು ಸಾಲು ನೋಡ್ರಿ. ಎರಡ್ರಾಗೂ ಸೊನ್ನಿ ಇರ್ಬೇಕು. ಪೆಂಡಿಂಗ್ ಏರಿದ್ರ ಆ ಡಿಸ್ಕ್ ಮ್ಯಾಲೆ ಚೆಕ್‌ಡಿಸ್ಕ್ (ವಿಂಡೋಸಿನ ಡಿಸ್ಕ್ ದುರಸ್ತಿ ಕಮಾಂಡ್) ಓಡಿಸ್ಬ್ಯಾಡ್ರಿ. ಬ್ಯಾರೆ ಡಿಸ್ಕಿಗೆ ಕಾಪಿ ತಗಿಯೋದು ಮೊದ್ಲ. ಸಾಯಾಕ ಹತ್ತಿದ ಡಿಸ್ಕಿಗೆ ಚೆಕ್‌ಡಿಸ್ಕ್ ಇನ್ನಷ್ಟು ಕೆಲಸ ಹಚ್ತದ.

1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ತೊಗೊಂಡು 210 ಜಿಬಿ ಪೂರಾ ಹಾಕಿ, ತಂತಿ ಕಿತ್ತು ಕಪಾಟಿನ್ಯಾಗ ಇಡ್ರಿ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೆ ಹಚ್ಚಿದ್ರ ತಾಸಿನೊಳಗ ಮುಗೀತದ, ಯುಎಸ್‌ಬಿ 2ಕ್ಕ ಎರಡು ತಾಸು ಬೇಕು. ರೋಬೊಕಾಪಿ ಅನ್ನೋ ವಿಂಡೋಸಿನ ಕಾಪಿ ಕಮಾಂಡ್ ಬಳಸೋರಿದ್ರ, ಗುರಿಯನ್ನ ಮೂಲದಂಗ ಮಾಡೋ ಮಿರರ್ ಸ್ವಿಚ್ ಮುಟ್ಟಬ್ಯಾಡ್ರಿ. ಮೂಲ ಯಾವುದು, ಗುರಿ ಯಾವುದು ಅನ್ನೋದು ಅದಲಾಬದಲಾದ್ರ ಖಾಲಿ ಫೋಲ್ಡರಿನಂಗ ತುಂಬಿದ್ದೂ ಖಾಲಿ ಆಗ್ತದ.

ಮತ್ತ 256 ಜಿಬಿ ಸಾಟಾ ಎಸ್ಎಸ್‌ಡಿ ಒಂದು, 4 ಜಿಬಿ ಡಿಡಿಆರ್3 ರ‍್ಯಾಮ್ ಇನ್ನೊಂದು ಹಾಕಿಸ್ರಿ. ಎಚ್81 ಬೋರ್ಡಿನ್ಯಾಗ 6 ಗಿಗಾಬಿಟ್ ಸಾಟಾ ಪೋರ್ಟ್ ಎರಡೇ ಇರ್ತಾವ, ಎಸ್ಎಸ್‌ಡಿ ಅದರಾಗಿನ ಒಂದಕ್ಕ ಬರ್ಲಿ. ವಿಂಡೋಸ್ ಹಾಕೋ ಮೊದ್ಲ ಬಯೋಸ್‌ನಾಗ (ಕಂಪ್ಯೂಟರ್ ಚಾಲೂ ಆಗೋವಾಗಿನ ಸೆಟ್ಟಿಂಗ್) ಸಾಟಾ ಮೋಡ್, ಅಂದ್ರ ಡಿಸ್ಕ್ ಜೊತಿ ಮಾತಾಡೋ ರೀತಿ, ಎಎಚ್‌ಸಿಐ ಅದನೋ ಇಲ್ಲೋ ನೋಡ್ರಿ. ಆಮ್ಯಾಲೆ ಬದಲಿಸಿದ್ರ ಬೂಟ್ ಆಗ್ದ ನೀಲಿ ಪರದೆ ಬರ್ತದ. ವಿಂಡೋಸ್, ಮ್ಯೂಸಿಕ್‌ಬೀ, ಅದರ ಲೈಬ್ರರಿ ಫೈಲ್ ಎಸ್ಎಸ್‌ಡಿ ಮ್ಯಾಲೆ. ಹಾಡು ಹಾರ್ಡ್‌ಡಿಸ್ಕಿನ್ಯಾಗ ಇದ್ರ ಸಾಕು, ಫ್ಲ್ಯಾಕ್ ನುಡಿಸಾಕ ವೇಗ ಏನೂ ಬೇಕಾಗಿಲ್ಲ.

ಇಷ್ಟು ಹಳೆ ಬೋರ್ಡ್ ಅಂದ್ರ ತಾರೀಖು, ವೇಳೆ ನೆನಪಿಡೋ ಸಿಆರ್2032 ಸೆಲ್‌ನೂ ಬದಲಿಸಿಬಿಡ್ರಿ. ಅದು ಸತ್ರ ಪ್ರತಿ ಸಲ ತಾರೀಖು ಹಿಂದಕ್ಕ ಹೋಗ್ತದ. ಹಾಡು ಸೇರಿಸಿದ ದಿನ ತಪ್ಪು ಬೀಳ್ತದ, ಸುರಕ್ಷಿತ ವೆಬ್‌ಸೈಟ್ ತೆರಿಯಂಗಿಲ್ಲ, ಟ್ಯಾಗ್ ಹುಡುಕಾಟ ನಡಿಯಂಗಿಲ್ಲ. ಜನ ಸಾಫ್ಟ್‌ವೇರ್ ಕೆಟ್ಟದ ಅಂತ ತಿಳ್ಕೋತಾರ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗದದ, ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯೊಳಗ ಇಲ್ಲ. ಈ ಯಂತ್ರ ಹಾಡಿಗಷ್ಟ ಇರ್ಲಿ, ಬ್ಯಾಂಕಿನ ಕೆಲಸ ಇದರಾಗ ಬ್ಯಾಡ.

ಬೆಟಗೇರಿ_ಗದಗ:
ಯಂತ್ರದ ಮಾತು ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಿಮ್ಮ ನಿಜವಾದ ಕೆಲಸ ಇರೋದು ಹೆಸರುಗಳಲ್ಲಿ.

ನುಡಿಯ ಹಳೆ ಅಕ್ಷರಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಅಲ್ಲ. ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದು, ಫಾಂಟ್ ತೆಗೆದರೆ ಆಕಾರವೂ ಹೋಯಿತು. ಟ್ಯಾಗ್ ತಿದ್ದುವ ಎಂಪಿ3ಟ್ಯಾಗ್ ಸಾಫ್ಟ್‌ವೇರ್‌ನಲ್ಲಿ ಆ ಫೈಲ್‌ಗಳನ್ನು ತೆರೆದು ಹಾಡಿನ ಹೆಸರನ್ನು ಒಂದು ಟೆಕ್ಸ್ಟ್ ಫೈಲಿಗೆ, ಕಲಾವಿದರ ಹೆಸರನ್ನು ಇನ್ನೊಂದಕ್ಕೆ ಎಕ್ಸ್‌ಪೋರ್ಟ್ ಮಾಡಿ. ಸಾಲಿಗೆ ಒಂದೇ ಹೆಸರು. ನುಡಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿ, ಕನ್ವರ್ಟ್ ಮೆನುವಿನ ಟೆಕ್ಸ್ಟ್ ಫೈಲ್‌ನಿಂದ ಟ್ಯಾಗ್ ಅನ್ನೋ ಆಯ್ಕೆಯಿಂದ ವಾಪಸ್ ತುಂಬಿ. ಎರಡು ಕಡೆ ಎಡವುತ್ತಾರೆ. ಇಂಗ್ಲಿಷ್‌ನಲ್ಲೇ ಇದ್ದ ಹೆಸರು ಪರಿವರ್ತಕದ ಬಾಯಿಗೆ ಸಿಕ್ಕರೆ ಅದೂ ಕನ್ನಡದ ಕಸವಾಗಿ ಹೊರಬರುತ್ತದೆ, ಹಾಗಾಗಿ ಅವನ್ನು ಮೊದಲೇ ಬೇರೆ ಫೋಲ್ಡರಿಗೆ ಹಾಕಿ. ಎರಡನೆಯದು, ನಡುವೆ ಒಂದು ಸಾಲು ಕಡಿಮೆಯಾದರೆ ಅಲ್ಲಿಂದ ಕೆಳಗೆ ಪ್ರತಿ ಹಾಡಿಗೂ ಪಕ್ಕದ ಹಾಡಿನ ಹೆಸರು ಬರುತ್ತದೆ. ತುಂಬುವ ಮೊದಲು ಎರಡೂ ಫೈಲಿನ ಸಾಲು ಎಣಿಸಿ. ಫೈಲ್‌ಗಳ ಅನುಕ್ರಮವನ್ನೂ ಬದಲಿಸಬೇಡಿ.

ಇನ್ನು ಫೋಲ್ಡರ್ ಹೆಸರು. ವಿಂಡೋಸ್‌ನಲ್ಲಿ ಪೂರ್ತಿ ದಾರಿ 260 ಅಕ್ಷರ ಮೀರಿದರೆ ಬಹಳ ಸಾಫ್ಟ್‌ವೇರ್‌ಗಳು ಆ ಫೈಲನ್ನು ಮುಟ್ಟುವುದಿಲ್ಲ. ಕನ್ನಡದಲ್ಲಿ ಈ ಲೆಕ್ಕ ಮೋಸ ಮಾಡುತ್ತದೆ: ‘ಮಲ್ಲಿಕಾರ್ಜುನ’ ನಮ್ಮ ಕಣ್ಣಿಗೆ 5 ಅಕ್ಷರ, ಕಂಪ್ಯೂಟರಿಗೆ 12. ಒತ್ತು, ಗುಣಿತ, ವಿರಾಮ (ಅರ್ಧಾಕ್ಷರದ ಗುರುತು) ಎಲ್ಲವೂ ಬೇರೆ ಬೇರೆ ಎಣಿಕೆ. ಆದ್ದರಿಂದ ಡಿ ಡ್ರೈವಿನಲ್ಲಿ ನೇರ ‘ಹಾಡು’ ಫೋಲ್ಡರ್, ಒಳಗೆ ಕಲಾವಿದರು, ಅದರೊಳಗೆ ಆಲ್ಬಮ್. ಅಷ್ಟಕ್ಕೇ ನಿಲ್ಲಿಸಿ. ರಾಗ, ತಾಳ, ಘರಾನಾ (ಗಾಯನ ಪರಂಪರೆ), ಹಾಡಿದ ಊರು ಟ್ಯಾಗಿನೊಳಗೆ ಇರಲಿ. ಮ್ಯೂಸಿಕ್‌ಬೀಯಲ್ಲಿ ಇದಕ್ಕೆ ಕಸ್ಟಮ್ ಟ್ಯಾಗ್ ಮಾಡಿಕೊಳ್ಳಬಹುದು. ಜೈಪುರ-ಅತ್ರೌಲಿ ಎಂದು ಹುಡುಕಿದರೆ ಮಲ್ಲಿಕಾರ್ಜುನ ಮನಸೂರರು, ಕಿರಾನಾ ಎಂದರೆ ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿ ಒಟ್ಟಿಗೆ ಸಿಗಬೇಕು. ಇಂಥ ಸಂಗ್ರಹಕ್ಕೆ ಅದೇ ಸೊಗಸು.

ಹೆಸರು ಮೊದಲೇ ಒಂದು ಕಾಗದದ ಮೇಲೆ ನಿರ್ಧರಿಸಿ. ಜೋಶಿ, ಜೋಷಿ ಎರಡೂ ಇದ್ದರೆ ಇಬ್ಬರು ಕಲಾವಿದರಾಗುತ್ತಾರೆ.

ತಂಬೂರಿ_ಧಾರವಾಡ:
ಭಾಳ ಉಪಕಾರ ಆತ್ರಿ. ಕಾಪಿ ತಗದು 20 ಫೈಲ್ ಮ್ಯಾಲೆ ನೋಡಿದೆ. ‘ಭೀಮಸೇನ್‌ ಜೋಶಿ’ ಎರಡು ಸಲ ಬರಾಕ ಹತ್ತೇದ, ಕಾಗುಣಿತ ಒಂದೇ ಅದ. ಮತ್ತ ಕೆಲವು ಫೈಲಿಗೆ ಟ್ಯಾಗ್ ಸೇವ್ ಆಗ್ವಲ್ದು, ಆಕ್ಸೆಸ್ ಡಿನೈಡ್ ಅಂತದ.

ರಾಣೆಬೆನ್ನೂರು_ಆಡಿಯೋ:
ಎರಡು ಸಲ ಬರೋದಕ್ಕ ಕಣ್ಣಿಗೆ ಕಾಣದ ಅಕ್ಷರ ಕಾರಣ. ‘ನ್’ ಆದ್ಮ್ಯಾಲೆ ಕೀಬೋರ್ಡ್ ಸೇರಿಸೋ ಶೂನ್ಯ ಅಗಲದ ನಾನ್‌ಜಾಯಿನರ್ (ಅಕ್ಷರ ಕೂಡದಂಗ ತಡಿಯೋ ಗುರುತು) ಒಂದರಾಗ ಅದ, ಇನ್ನೊಂದರಾಗ ಇಲ್ಲ. ಎರಡೂ ಕಡೆ ಫೈಲ್ ಎಲ್ಲಾ ಆರಿಸ್ಕೊಂಡು ಕಲಾವಿದರ ಹೆಸರು ಒಮ್ಮೆ ಹೊಸದಾಗಿ ಹೊಡೀರಿ. ‘ಭೀಮಸೇನ ಜೋಶಿ’ ಅಂತ ಬರದ್ರ ಆ ತಂಟೇನೇ ಇಲ್ಲ.

ಸೇವ್ ಆಗದ ಫೈಲ್ ವಿಂಡೋಸಿನ ಮ್ಯೂಸಿಕ್ ಫೋಲ್ಡರಿನ್ಯಾಗ ಅದಾವೇನು? ವಿಂಡೋಸಿನ ವೈರಸ್ ಕಾವಲು ಡಿಫೆಂಡರ್‌ನಾಗ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಚಾಲೂ ಇದ್ರ ಆ ಫೋಲ್ಡರಿಗೆ ಬ್ಯಾರೆ ಸಾಫ್ಟ್‌ವೇರ್ ಬರಿಯಾಕ ಬಿಡಂಗಿಲ್ಲ. ಅದನ್ನ ಪೂರಾ ಬಂದ್ ಮಾಡಬ್ಯಾಡ್ರಿ, ಅನುಮತಿ ಪಟ್ಟಿಗೆ ಮ್ಯೂಸಿಕ್‌ಬೀ, ಎಂಪಿ3ಟ್ಯಾಗ್ ಎರಡನ್ನೂ ಸೇರಿಸ್ರಿ. ಡಿ ಡ್ರೈವಿನ್ಯಾಗ ಇದ್ರ ಪ್ರಾಪರ್ಟೀಸ್ ತೆರದು ರೀಡ್‌ಓನ್ಲಿ ಟಿಕ್ ನೋಡ್ರಿ, ಡಾಟಾ ಸಿಡಿಯಿಂದ ಬಂದ ಫೈಲಿಗೆ ಕೆಲವು ಸಲ ಅದು ಉಳದಿರ್ತದ.

ಟ್ಯಾಗ್ ಆವೃತ್ತಿ ಐಡಿ3 (ಎಂಪಿ3 ಟ್ಯಾಗಿನ ನಮೂನಿ) 2.3, ಯುಟಿಎಫ್-16 (ಯೂನಿಕೋಡ್ ಬರಿಯೋ ಒಂದು ರೀತಿ) ಇಡ್ರಿ, ಸಾಮಾನ್ಯವಾಗಿ ಹಳೆ ಕಾರ್ ಸ್ಟೀರಿಯೋನೂ ಓದ್ತದ. ಐಡಿ3 1 ತಗದುಹಾಕ್ರಿ, ಅದರಾಗ ಹೆಸರಿಗೆ 30 ಬೈಟ್ ಅಷ್ಟ ಜಾಗ, ಕನ್ನಡ ಅಂದ್ರ ಪ್ರಶ್ನಾರ್ಥಕ ಚಿಹ್ನೆ. ಕ್ಯಾಸೆಟ್ಟಿನ ವೇವ್ ಫ್ಲ್ಯಾಕ್ ಮಾಡ್ರಿ: ಸಿಡಿ ಗುಣಮಟ್ಟದಾಗ 45 ನಿಮಿಷದ ಒಂದು ಬದಿ ವೇವ್‌ನಾಗ ಸುಮಾರು 476 ಎಂಬಿ, ಫ್ಲ್ಯಾಕ್‌ನಾಗ ಹೆಚ್ಚುಕಮ್ಮಿ ಅರ್ಧ, ಧ್ವನಿ ಒಂದು ಕೂದಲಷ್ಟೂ ಕಡಿಮಿ ಆಗಂಗಿಲ್ಲ. ವೇವ್‌ನೊಳಗ ಟ್ಯಾಗ್ ಒಂದು ಸಾಫ್ಟ್‌ವೇರಿಗೆ ಕಂಡ್ರ ಇನ್ನೊಂದಕ್ಕ ಕಾಣಂಗಿಲ್ಲ.

ಮ್ಯೂಸಿಕ್‌ಬೀಯ ಆಟೊ ಆರ್ಗನೈಸ್ (ಟ್ಯಾಗ್ ನೋಡಿ ಫೈಲ್, ಫೋಲ್ಡರ್ ತಾನ ಹೊಂದಿಸೋದು) ಸದ್ಯಕ್ಕ ಆಫ್ ಇರ್ಲಿ. ಹೆಸರೆಲ್ಲಾ ಸರಿ ಆದ್ಮ್ಯಾಲೆ ಒಬ್ಬ ಕಲಾವಿದರ ಫೋಲ್ಡರ್ ಮ್ಯಾಲೆ ಮೊದ್ಲ ಹಚ್ಚಿ ನೋಡ್ರಿ. ಸಾವಿರಗಟ್ಟಲೆ ಟ್ಯಾಗ್ ಒಮ್ಮೆಲೆ ಬರಿಯೋ ದಿನ ಯುಪಿಎಸ್ ಬ್ಯಾಟರಿ ಸರಿ ಇರ್ಬೇಕು. ಬರಿಯೋ ನಡುವ ಕರೆಂಟ್ ಹೋದ್ರ ಆ ಹೊತ್ತಿನ ಫೈಲ್ ಅರ್ಧಕ್ಕ ನಿಂತು ಕೆಡಬಹುದು, ಆಗ ಕಪಾಟಿನ್ಯಾಗಿನ ಡಿಸ್ಕಿನಿಂದನ ವಾಪಸ್ ತರ್ಬೇಕು.