ಕಾಲೇಜಿಗೆ ಫುಟ್‌ಬಾಲ್ ತಂಡ ಬೇಕಾ? ಲೆಕ್ಕ ಗೊತ್ತಿರುವವರು ದಯವಿಟ್ಟು ಹೇಳಿ

ದಾವಣಗೆರೆ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ 14 ವರ್ಷದಿಂದ ಗಣಿತ ಪಾಠ ಮಾಡುತ್ತಿದ್ದೇನೆ. ಒಟ್ಟು 1200 ವಿದ್ಯಾರ್ಥಿಗಳು. ಅದೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಹುಡುಗರಂತೂ ಸೇರುವುದೇ ಕಡಿಮೆ. ಈಗ ಆಡಳಿತದವರು ಫುಟ್‌ಬಾಲ್ ತಂಡ ಕಟ್ಟೋಣ ಅಂತಿದ್ದಾರೆ. ಹೆಲ್ಮೆಟ್ ಹಾಕಿಕೊಂಡು ಆಡುವ ಇಲ್ಲಿನ ಫುಟ್‌ಬಾಲ್. ನಮ್ಮದು ಡಿವಿಷನ್ 3, ಅಂದರೆ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ.

ಸಮಿತಿಯಲ್ಲಿ ನನ್ನನ್ನೂ ಹಾಕಿದ್ದಾರೆ. ಕೈಗೆ ಒಂದೇ ಒಂದು ಹಾಳೆ ಕೊಟ್ಟಿದ್ದಾರೆ. ನೂರು ಹುಡುಗರು ಬರುತ್ತಾರೆ, ನೂರು ಜನರ ಫೀಸು ಬರುತ್ತದೆ, ಅದರಲ್ಲಿ ಇಷ್ಟು ಖರ್ಚು, ಉಳಿದದ್ದೆಲ್ಲ ಲಾಭ. ಇಷ್ಟು ಸುಲಭವಾ? ನಿಮ್ಮ ಕಾಲೇಜುಗಳಲ್ಲಿ ಏನಾಯಿತು ಅಂತ ತಿಳಿದರೆ ನನಗೆ ತುಂಬಾ ಉಪಯೋಗ.

ಬಜೆಟ್ ಆಫೀಸಿನವಳು:
ಮೇಷ್ಟ್ರೇ, ನಾನು ಒಂದು ಮಧ್ಯಮ ಗಾತ್ರದ ಸ್ಟೇಟ್ ಯೂನಿವರ್ಸಿಟಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಮೊದಲು ಒಂದು ಮಾತು. ಟಿವಿಯಲ್ಲಿ ಕಾಣುವ ಫುಟ್‌ಬಾಲನ್ನು ತಲೆಯಿಂದ ತೆಗೆದುಬಿಡಿ. ಮಿಷಿಗನ್, ಓಹಾಯೋ ಸ್ಟೇಟ್ ಅಂಥವರ ಸ್ಟೇಡಿಯಂನಲ್ಲಿ ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ಪ್ರಸಾರದ ಹಣ, ಟಿಕೆಟ್, ದಾನಿಗಳು ಎಲ್ಲ ಇದ್ದಾರೆ. 1984ರಲ್ಲಿ ಸುಪ್ರೀಂ ಕೋರ್ಟು ಪ್ರಸಾರದ ಮೇಲಿದ್ದ ಎನ್‌ಸಿಎಎ (ಕಾಲೇಜು ಕ್ರೀಡೆ ನಡೆಸುವ ರಾಷ್ಟ್ರೀಯ ಸಂಸ್ಥೆ) ಹಿಡಿತವನ್ನು ಬಿಡಿಸಿದ ಮೇಲೆ ಆ ಹಣ ದೊಡ್ಡವರ ಕಡೆಗೇ ಹರಿಯಿತು. ಆದರೂ 2019ರ ಲೆಕ್ಕದಲ್ಲಿ ಕ್ರೀಡಾ ವಿಭಾಗದ ಆದಾಯ ಖರ್ಚಿಗಿಂತ ಜಾಸ್ತಿ ಇದ್ದದ್ದು ಸುಮಾರು 25 ಕಡೆ ಮಾತ್ರ. ಎನ್‌ಸಿಎಎ ಕೆಳಗೆ ಇರುವ ಕಾಲೇಜುಗಳು ಸುಮಾರು 1100!

ಮೇಲಿನವರ ಖರ್ಚಿಗೂ ಮಿತಿ ಇಲ್ಲ. 2023ರಲ್ಲಿ ಟೆಕ್ಸಸ್ ಎ ಅಂಡ್ ಎಂ ತನ್ನ ಕೋಚ್ ಜಿಂಬೋ ಫಿಶರ್ ಅವರನ್ನು ತೆಗೆದಾಗ, ಕರಾರಿನ ಪ್ರಕಾರ ಕೊಡಬೇಕಾಗಿ ಬಂದದ್ದು ಸುಮಾರು 76 ಮಿಲಿಯನ್ ಡಾಲರ್. ಕೆಲಸ ಮಾಡುವುದಕ್ಕಲ್ಲ, ಮಾಡದೆ ಇರುವುದಕ್ಕೆ. 2025ರ ಜೂನ್‌ನಲ್ಲಿ, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಪ್ರಕರಣದ ರಾಜಿಗೆ ಕೋರ್ಟು ಒಪ್ಪಿದ ಮೇಲೆ, ಆಟಗಾರರಿಗೆ ನೇರವಾಗಿ ಹಣ ಹಂಚುವುದೂ ಶುರುವಾಗಿದೆ. ಮೊದಲ ವರ್ಷ ಒಂದು ಯೂನಿವರ್ಸಿಟಿಗೆ ಸುಮಾರು 20.5 ಮಿಲಿಯನ್‌ವರೆಗೆ. ಅದು ಆ ಹುಡುಗರಿಗೆ ಸಲ್ಲಬೇಕಾದದ್ದೇ ಅನ್ನುವುದು ನನ್ನ ಅಭಿಪ್ರಾಯ. ಆದರೆ ನಡುವಿನ ಯೂನಿವರ್ಸಿಟಿಗಳು ಆ ಹಣ ಎಲ್ಲಿಂದ ತರಬೇಕು?

ನಮ್ಮಂಥ ಕಡೆ ಅದು ವಿದ್ಯಾರ್ಥಿಗಳ ಫೀಸಿನಿಂದ ಬರುತ್ತದೆ. ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿಯಲ್ಲಿ ಕ್ರೀಡೆಯ ಶುಲ್ಕವೇ ಒಬ್ಬರಿಗೆ ವರ್ಷಕ್ಕೆ 2000 ಡಾಲರ್ ದಾಟಿತ್ತು. ಇಂಥ ಶುಲ್ಕಕ್ಕೆ ಮಿತಿ ಹಾಕಲು ಆ ರಾಜ್ಯ 2015ರಲ್ಲಿ ಕಾನೂನನ್ನೇ ತಂದಿತು. ನನ್ನ ಆಫೀಸಿನಲ್ಲಿ ಒಂದು ಹುಡುಗಿ ಪಾರ್ಟ್‌ಟೈಮ್ ಕೆಲಸಕ್ಕೆ ಬರುತ್ತಿದ್ದಳು. ಫೈಲು ಜೋಡಿಸುತ್ತಾ ಒಂದು ದಿನ ತನ್ನದೇ ಫೀಸಿನ ಬಿಲ್ಲು ತೋರಿಸಿ, 'ಈ ಸಾಲು ಏನು ಮೇಡಂ?' ಅಂದಳು. ಅದು ಕ್ರೀಡಾ ಶುಲ್ಕ. ಅವಳು ಒಂದು ಮ್ಯಾಚೂ ನೋಡಿರಲಿಲ್ಲ. ಶನಿವಾರ ಅಂಗಡಿಯಲ್ಲಿ ಕೆಲಸ. ಗಂಟೆಗೆ ಸಿಗುವ ಕೂಲಿಯಿಂದ ಭಾಗಿಸಿ ನೋಡಿದಳು. ಎಷ್ಟು ಶನಿವಾರ ಆಗುತ್ತೆ ಅಂತ ಎಣಿಸಿ ಸುಮ್ಮನಾದಳು. ಆ ಮುಖ ನನಗೆ ಇನ್ನೂ ಮರೆತಿಲ್ಲ.

ಇನ್ನೊಂದು. ಫೆಡರಲ್ ಶಿಕ್ಷಣ ಇಲಾಖೆಯ ಸೈಟಿನಲ್ಲಿ ಕಾಲೇಜುಗಳು ಕ್ರೀಡೆಯ ಆದಾಯ, ಖರ್ಚು ಹಾಕಲೇಬೇಕು. ನಿಮ್ಮಂಥ ಸಣ್ಣ ಕಾಲೇಜುಗಳನ್ನು ತೆಗೆದು ನೋಡಿ. ಎಷ್ಟೋ ಕಡೆ ಫುಟ್‌ಬಾಲ್ ಆದಾಯ ಮತ್ತು ಖರ್ಚು ಒಂದು ಡಾಲರೂ ವ್ಯತ್ಯಾಸವಿಲ್ಲದೆ ಸರಿಯಾಗಿ ಒಂದೇ ಇರುತ್ತದೆ. ಅಷ್ಟು ಚೆನ್ನಾಗಿ ಸಂಪಾದನೆ ಆಗಿದೆ ಅಂತ ತಿಳಿಯಬೇಡಿ. ಕಾಲೇಜು ತನ್ನ ಕೈಯಿಂದ ಹಾಕಿದ ಹಣವನ್ನೂ ಆದಾಯದ ಕಡೆಗೇ ಬರೆಯಬಹುದು.

ಬರ್ಮಿಂಗ್‌ಹ್ಯಾಮ್ ನಿವಾಸಿ:
ಇನ್ನೊಂದು ಬದಿಯನ್ನೂ ಹೇಳಬೇಕು. ನಾನಿರುವುದು ಅಲಬಾಮಾದಲ್ಲಿ. ಇಲ್ಲಿನ ಯುಎಬಿ (ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಲಬಾಮಾ ಯೂನಿವರ್ಸಿಟಿ) 2014ರ ಡಿಸೆಂಬರ್‌ನಲ್ಲಿ ಖರ್ಚು ಭರಿಸಲು ಆಗುವುದಿಲ್ಲ ಅಂತ ಫುಟ್‌ಬಾಲ್ ಮುಚ್ಚಿತು. ಜೊತೆಗೆ ಬೌಲಿಂಗ್, ರೈಫಲ್ ತಂಡಗಳೂ ಹೋದವು. ಮುಂದಿನ 5 ವರ್ಷಕ್ಕೆ ಸುಮಾರು 49 ಮಿಲಿಯನ್ ಬೇಕು ಅನ್ನುವ ವರದಿ ಅವರ ಕೈಯಲ್ಲಿತ್ತು. ಆಮೇಲೆ ಊರೇ ಎದ್ದು ನಿಂತಿತು. ಹಳೆಯ ವಿದ್ಯಾರ್ಥಿಗಳು, ವ್ಯಾಪಾರಸ್ಥರು ಹಣ ಕೂಡಿಸಿದರು. 2015ರ ಜೂನ್‌ನಲ್ಲಿ ನಿರ್ಧಾರ ವಾಪಸ್. 2017ರಲ್ಲಿ ತಂಡ ಮತ್ತೆ ಮೈದಾನಕ್ಕೆ ಇಳಿಯಿತು, ಆ ವರ್ಷ 8 ಮ್ಯಾಚ್ ಗೆದ್ದಿತು.

ಊರಿನ ಜನಕ್ಕೆ ಅದು ಬರೀ ಆಟ ಅಲ್ಲ ಸರ್. ನಮ್ಮ ಕಡೆ ತೇರು ನಿಲ್ಲಿಸಿಬಿಟ್ಟರೆ ಹೇಗೋ ಹಾಗೆ. ತಂಡ ಇದ್ದಾಗ ಬಾರದ ದಾನ ತಂಡ ಹೋದ ಮೇಲೆ ಬಂತು. ಒಮ್ಮೆ ಶುರು ಮಾಡಿದರೆ ಮುಚ್ಚುವುದು ಎಷ್ಟು ಕಷ್ಟ ಅಂತಲೂ ಇದರಿಂದ ಗೊತ್ತಾಗುತ್ತದೆ ಅಲ್ವಾ? ಮುಚ್ಚುವ ಖರ್ಚನ್ನೂ ನಿಮ್ಮ ಹಾಳೆಯಲ್ಲಿ ಬರೆಸಿ.

ಬೇ ಏರಿಯಾದಿಂದ:
ಕಟ್ಟಡದ ಸಾಲದ ಬಗ್ಗೆ ಹುಷಾರು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸ್ಟೇಡಿಯಂ ಹೇವರ್ಡ್ ಭೂಕಂಪದ ಬಿರುಕಿನ ಮೇಲೇ ಕೂತಿದೆ. ಅದನ್ನು ಭದ್ರಪಡಿಸಿ 2012ರಲ್ಲಿ ಮತ್ತೆ ತೆರೆದರು. ಖರ್ಚು 321 ಮಿಲಿಯನ್. ಸೀಟುಗಳನ್ನು ವರ್ಷಗಟ್ಟಲೆಗೆ ಮಾರಿ ತೀರಿಸುತ್ತೇವೆ ಅಂದಿದ್ದರು. ಅಂದುಕೊಂಡಷ್ಟು ಮಾರಾಟ ಆಗಲಿಲ್ಲ. ಕೊನೆಗೆ ಸಾಲದ ದೊಡ್ಡ ಭಾಗ ಕ್ಯಾಂಪಸ್ಸಿನ ತಲೆಗೇ ಬಂತು. ನಿಮ್ಮದು ಚಿಕ್ಕ ಮೈದಾನ ಇರಬಹುದು. ಆದರೂ ಕೃತಕ ಹುಲ್ಲನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು.

ಶಿಕಾಗೋ ಅಕ್ಕ:
ತಂಡ ಇಲ್ಲದಿದ್ದರೆ ಕಾಲೇಜಿಗೆ ಹೆಸರಿಲ್ಲ ಅನ್ನುವವರಿಗೆ ನಮ್ಮ ಊರಿನ ಕಥೆ ಹೇಳಿ. ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯನ್ನು ಮೊದಲು ಗೆದ್ದ ಜೇ ಬರ್ವಾಂಗರ್ ಶಿಕಾಗೋ ಯೂನಿವರ್ಸಿಟಿಯ ಹುಡುಗ, 1935ರಲ್ಲಿ. ನಾಲ್ಕೇ ವರ್ಷಕ್ಕೆ, 1939ರಲ್ಲಿ, ಅಧ್ಯಕ್ಷ ಹಚಿನ್ಸ್ ಫುಟ್‌ಬಾಲನ್ನೇ ಕೈಬಿಟ್ಟರು. 1942ರ ಡಿಸೆಂಬರ್ 2ರಂದು ಅದೇ ಮೈದಾನದ ಗ್ಯಾಲರಿಯ ಕೆಳಗೆ ಮೊದಲ ಪರಮಾಣು ಸರಣಿ ಕ್ರಿಯೆ ನಡೆಯಿತು. 1969ರಲ್ಲಿ ತಂಡ ಮತ್ತೆ ಬಂತು, ಈಗ ನಿಮ್ಮ ಹಾಗೆ ಡಿವಿಷನ್ 3ರಲ್ಲಿ ಆಡುತ್ತದೆ.

ಪೆನ್ಸಿಲ್ವೇನಿಯಾ ರಾಯರು:
ಮೇಷ್ಟ್ರೇ, ನಿಮ್ಮಂಥದ್ದೇ ಕಾಲೇಜು ನಮ್ಮದು. 8 ವರ್ಷದ ಹಿಂದೆ ಶುರು ಮಾಡಿದೆವು. ಆಗ ನಾನು ಹಣಕಾಸು ಸಮಿತಿಯಲ್ಲಿದ್ದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಡಿವಿಷನ್ 3ರಲ್ಲಿ ಟಿಕೆಟ್ಟಿನಿಂದ ಏನೂ ಬರುವುದಿಲ್ಲ. ಪೂರ್ತಿ ಲೆಕ್ಕ ನಿಂತಿರುವುದು ಫೀಸಿನ ಮೇಲೆ. ಆದರೆ ಯಾವ ಫೀಸು? ವೆಬ್‌ಸೈಟಿನಲ್ಲಿ ಹಾಕಿರುವ ಫೀಸಲ್ಲ. ಇಲ್ಲಿನ ಖಾಸಗಿ ಕಾಲೇಜುಗಳು ಮೊದಲ ವರ್ಷದವರಿಗೆ ಸರಾಸರಿ ಅರ್ಧಕ್ಕಿಂತ ಜಾಸ್ತಿ ರಿಯಾಯಿತಿ ಕೊಡುತ್ತಿವೆ. ಉದಾಹರಣೆಗೆ, ಹಾಳೆಯಲ್ಲಿ 40,000 ಡಾಲರ್ ಅಂತ ಇದ್ದರೆ ಕೈಗೆ ಬರುವುದು 18,000 ಇರಬಹುದು. ನೂರು ಹುಡುಗರಿಗೆ 4 ಮಿಲಿಯನ್ ಅಲ್ಲ, 1.8 ಮಿಲಿಯನ್. ಇದು ಮೊದಲ ಪೆಟ್ಟು.

ಎರಡನೆಯದು, ಆ ನೂರರಲ್ಲಿ ಎಷ್ಟು ಜನ ಫುಟ್‌ಬಾಲ್ ಇಲ್ಲದಿದ್ದರೂ ಬರುತ್ತಿದ್ದರು? ಅವರನ್ನು ಕಳೆಯಬೇಕು. ನಮ್ಮಲ್ಲಿ ಕಳೆಯಲಿಲ್ಲ.

ಮೂರನೆಯದು ನಮಗೆ ಹೊಳೆಯಲೇ ಇಲ್ಲ. ಶಿಕ್ಷಣದಲ್ಲಿ ಗಂಡು ಹೆಣ್ಣು ಅಂತ ಭೇದ ಮಾಡಬಾರದು ಅನ್ನುವ 1972ರ ಟೈಟಲ್ 9 ಕಾನೂನು. ನೂರು ಹುಡುಗರಿಗೆ ಆಡುವ ಅವಕಾಶ ಕೊಟ್ಟರೆ ಹುಡುಗಿಯರ ಕಡೆಯೂ ನೋಡಬೇಕು. ನಾವು ಎರಡು ವರ್ಷದಲ್ಲಿ ಹುಡುಗಿಯರಿಗೆ ಎರಡು ಹೊಸ ತಂಡ ಕಟ್ಟಿದೆವು. ತುಂಬಾ ಒಳ್ಳೆಯ ಕೆಲಸ, ನನಗೆ ಅದರ ಬಗ್ಗೆ ಹೆಮ್ಮೆ ಇದೆ. ಆದರೆ ಆ ಖರ್ಚು ಬಜೆಟ್ಟಿನಲ್ಲಿ ಇರಲಿಲ್ಲ.

ಆಮೇಲೆ ಸಣ್ಣ ಸಣ್ಣ ಖರ್ಚು. ಹೆಲ್ಮೆಟ್ ಕೊಂಡರೆ ಮುಗಿಯಲಿಲ್ಲ, ಸೀಸನ್ ಮುಗಿದ ಮೇಲೆ ಪರೀಕ್ಷೆಗೆ, ರಿಪೇರಿಗೆ ಕಳಿಸಬೇಕು. ಮ್ಯಾಚ್ ದಿನ ಆಂಬುಲೆನ್ಸ್ ನಿಂತಿರಬೇಕು. ಹೊರಗೆ ಆಡಲು ಹೋದರೆ ಎರಡು ಮೂರು ಬಸ್. ಒಂದು ಗುರುವಾರ ಸಂಜೆ ನಾನು ಟ್ರೈನರ್ ಕೋಣೆಗೆ ಹೋಗಿದ್ದೆ. ಬೆಂಚಿನ ಮೇಲೆ ಸಾಲಾಗಿ ಹುಡುಗರು ಕೂತಿದ್ದಾರೆ, ಒಬ್ಬಳೇ ಟ್ರೈನರ್ ಒಬ್ಬೊಬ್ಬರ ಕಾಲಿನ ಗಂಟಿಗೆ ಬಿಳಿ ಟೇಪು ಸುತ್ತುತ್ತಿದ್ದಾಳೆ. ಕೆಳಗೆ ಖಾಲಿ ರಟ್ಟಿನ ಸುರುಳಿಗಳ ರಾಶಿ. 'ಈ ಟೇಪಿಗೇ ವರ್ಷಕ್ಕೆ ಎಷ್ಟಾಗುತ್ತೆ?' ಅಂದೆ. 'ಟೇಪು ಇರಲಿ ಸರ್, ಇನ್ನೊಬ್ಬ ಟ್ರೈನರ್ ಕೊಡಿ' ಅಂದಳು. ತಲೆಗೆ ಪೆಟ್ಟು ಬಿದ್ದ ಹುಡುಗನನ್ನು ಗಮನಿಸುವವರು ಬೇಕಲ್ಲ. ಮುಂದಿನ ಸಭೆಯಲ್ಲಿ ಇನ್ನೊಂದು ಹುದ್ದೆ ಸೇರಿಸಿದೆವು. ಎಲ್ಲಿ ಬೇಕಾದರೂ ಉಳಿಸಿ, ಅಲ್ಲಿ ಮಾತ್ರ ಉಳಿಸಬೇಡಿ.

ಲಾಭ ಆಯಿತಾ ಅಂತ ಕೇಳಿದರೆ, ಮೊದಲ ಮೂರು ವರ್ಷ ಆಯಿತು. ಹಾಸ್ಟೆಲ್ ತುಂಬಿತು. ಆಮೇಲೆ ಪಕ್ಕದ ಎರಡು ಕಾಲೇಜುಗಳೂ ತಂಡ ಕಟ್ಟಿದವು. ಅದೇ ಹುಡುಗರಿಗೆ ಎಲ್ಲರೂ ಜಾಸ್ತಿ ರಿಯಾಯಿತಿ ಕೊಡಲು ಶುರು ಮಾಡಿದರು. ಈಗ ಹೆಚ್ಚುಕಡಿಮೆ ಸರಿಸಮ. ನನ್ನನ್ನು ಕೇಳಿದರೆ ಇದು ಕ್ರೀಡೆಯ ನಿರ್ಧಾರವೇ ಅಲ್ಲ, ಅಡ್ಮಿಷನ್ ನಿರ್ಧಾರ. ಎರಡನೇ ವರ್ಷಕ್ಕೆ ಎಷ್ಟು ಹುಡುಗರು ಉಳಿಯುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಆಟಗಾರನ ಅಮ್ಮ:
ರಾಯರು ಹೇಳಿದ್ದು ನಿಜ. ನನ್ನ ಮಗ ಅಂಥದ್ದೇ ಕಾಲೇಜಿಗೆ ಫುಟ್‌ಬಾಲ್ ಇದೆ ಅಂತಲೇ ಹೋದ. ಇಲ್ಲದಿದ್ದರೆ ಆ ಊರಿನ ಹೆಸರೇ ನಮಗೆ ಗೊತ್ತಿರಲಿಲ್ಲ. ನಾಲ್ಕು ವರ್ಷ ಫೀಸು ಕಟ್ಟಿದೆವು. ಅವನು ಮ್ಯಾಚ್ ಆಡಿದ್ದು ಕಡಿಮೆ. ಆದರೆ ಬೆಳಿಗ್ಗೆ ಐದೂವರೆಗೆ ಎದ್ದು ಪ್ರಾಕ್ಟೀಸಿಗೆ ಹೋಗುವುದು ಕಲಿತ, ಡಿಗ್ರಿ ಮುಗಿಸಿದ. ಅವನ ಜೊತೆ ತಂಡಕ್ಕೆ ಸೇರಿದವರು 38 ಹುಡುಗರು. ಕೊನೆಯ ವರ್ಷದ ಫೋಟೋದಲ್ಲಿ 11 ಜನ ಇದ್ದಾರೆ. ಉಳಿದವರಲ್ಲಿ ಕೆಲವರು ಸಾಲ ಹೊತ್ತುಕೊಂಡು ಡಿಗ್ರಿ ಇಲ್ಲದೆ ಮನೆಗೆ ಹೋದರು. ಅವರ ಅಮ್ಮಂದಿರ ಜೊತೆ ನಾನು ಗ್ಯಾಲರಿಯಲ್ಲಿ ಕಂಬಳಿ ಹೊದ್ದು ಕೂತಿದ್ದೆ. ಮೇಷ್ಟ್ರೇ, ಆ ಹುಡುಗರಿಗೆ ಪಾಠದಲ್ಲಿ ಸಹಾಯ ಮಾಡುವವರ ಸಂಬಳವನ್ನೂ ದಯವಿಟ್ಟು ಲೆಕ್ಕದಲ್ಲಿ ಸೇರಿಸಿ.

ದಾವಣಗೆರೆ ಮೇಷ್ಟ್ರು:
ಎಲ್ಲರಿಗೂ ಮನಸಾರೆ ಧನ್ಯವಾದ. ಅಮ್ಮ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿನ್ನೆ ರಾತ್ರಿ ಕೂತು ಆ ಹಾಳೆಯನ್ನು ಹೊಸದಾಗಿ ಮಾಡಿದೆ. ರಿಯಾಯಿತಿ ಕಳೆದು, ಹೇಗೂ ಬರುತ್ತಿದ್ದವರನ್ನು ಕಳೆದು, ಹುಡುಗಿಯರ ತಂಡ, ಇಬ್ಬರು ಟ್ರೈನರ್, ಇಬ್ಬರು ಟ್ಯೂಟರ್ ಸೇರಿಸಿದೆ. ಎರಡನೇ ವರ್ಷಕ್ಕೆ ನೂರರಲ್ಲಿ 80 ಹುಡುಗರು ಉಳಿದರೆ ಸ್ವಲ್ಪ ಮಿಗುತ್ತದೆ. 60ಕ್ಕೆ ಇಳಿದರೆ ನಷ್ಟ. ನಮ್ಮ ಕಾಲೇಜಿನಲ್ಲಿ ಈಗಿರುವ ಬೇರೆ ಆಟಗಳ ಹುಡುಗರು ಎಷ್ಟು ಜನ ಉಳಿಯುತ್ತಿದ್ದಾರೆ ಅಂತ ರಿಜಿಸ್ಟ್ರಾರ್ ಆಫೀಸಿಗೆ ಬರೆದು ಕೇಳಿದ್ದೇನೆ. ಗುರುವಾರ ಸಭೆ. ಅಷ್ಟರೊಳಗೆ ಅಂಕಿ ಬಂದರೆ ಇಲ್ಲೇ ಹಾಕುತ್ತೇನೆ.